ನೂರು ವರ್ಷದಲ್ಲಿ ಮನೆಗೆಲಸ: ಏನು ಕಡಿಮೆಯಾಯಿತು, ಯಾರಿಗೆ ಕಡಿಮೆಯಾಯಿತು?

ಅರಸೀಕೆರೆಯವಳು

ಹಳೇ ಕಾಲದ ಕೂಡುಕುಟುಂಬದ ಮಾತು ಬಂದಾಗಲೆಲ್ಲ ಒಂದೇ ಚಿತ್ರ ಕಣ್ಣಿಗೆ ಬರುತ್ತದೆ. ದೊಡ್ಡ ತೊಟ್ಟಿಮನೆ, ಮಕ್ಕಳ ಗಲಾಟೆ, ಸಾಲಾಗಿ ಕೂತು ಊಟ. ಅದು ಸುಳ್ಳಲ್ಲ. ಆದರೆ ಆ ಸಾಲಿಗೆ ಮುದ್ದೆ ಬರುವ ಮೊದಲು ಎಷ್ಟು ಕೆಲಸ ಆಗಬೇಕಿತ್ತು, ಅದನ್ನು ಯಾರು ಮಾಡುತ್ತಿದ್ದರು ಅನ್ನುವುದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಅದನ್ನೇ ಇಲ್ಲಿ ಮಾತಾಡೋಣ.

ನಮ್ಮದು ರಾಗಿ, ತೆಂಗಿನ ಸೀಮೆ. ನೂರು ವರ್ಷದ ಹಿಂದೆ ನಮ್ಮ ಕಡೆಯ ಒಕ್ಕಲು ಮನೆಯಲ್ಲಿ ಹೆಂಗಸರ ದಿನ ಬೆಳಕು ಹರಿಯುವ ಮೊದಲೇ ರಾಗಿಕಲ್ಲಿನ ಮುಂದೆ ಶುರುವಾಗುತ್ತಿತ್ತು. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಕೂತು ಗೂಟ ಹಿಡಿದು ಬೀಸಬೇಕು. ಆಮೇಲೆ ಕೊಟ್ಟಿಗೆ ಬಾಚಬೇಕು, ಸಗಣಿ ಹಾಕಿ ಅಂಗಳ ಸಾರಿಸಬೇಕು, ಹಾಲು ಕರೆಯಬೇಕು, ಮಜ್ಜಿಗೆ ಕಡೆಯಬೇಕು. ಬಾವಿಯಿಂದ ಕುಡಿಯುವ ನೀರು ಹೊರಬೇಕು, ದನಕ್ಕೂ ಹೊರಬೇಕು. ಸಾರಿನ ಖಾರ ಒರಳಿನಲ್ಲಿ ಅರೆಯಬೇಕು. ಹಬ್ಬಕ್ಕೆ ಅನ್ನ ಬೇಕಾದರೆ ಮೊದಲು ಒನಕೆ ಹಿಡಿದು ಭತ್ತ ಕುಟ್ಟಬೇಕು. ಇಷ್ಟಾದ ಮೇಲೆ ಹೊಲದ ಕಳೆ. ಊಟಕ್ಕೆ ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ತಳದಲ್ಲಿ ಉಳಿದದ್ದು ಹೆಂಗಸರಿಗೆ.

ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿ ದೀಪಕ್ಕೆ ಬಂತು. ಹಳ್ಳಿಯ ಅಡುಗೆಮನೆಗೆ ಬರುವಷ್ಟರಲ್ಲಿ ಎರಡು ತಲೆಮಾರು ಕಳೆದಿತ್ತು. ಅಲ್ಲಿಯವರೆಗೂ ಬುಡ್ಡಿದೀಪದ ಹೊಗೆಯಲ್ಲೇ ಸಂಜೆ ಅಡುಗೆ.

ನನ್ನ ಮಾತು ಇಷ್ಟು. ರೇಡಿಯೋ, ಟಿವಿ, ಮೊಬೈಲು ಸಂಸಾರವನ್ನು ಬದಲಾಯಿಸಿದವು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಹಿಟ್ಟಿನ ಮಿಲ್ಲು, ನಲ್ಲಿ ಮತ್ತು ಗ್ಯಾಸು. ನಿಮ್ಮ ಕಡೆ ಏನಾಯಿತು ಹೇಳಿ.

ಗದಗಿನ ಮಾಸ್ತರ

ತಂಗಿ, ಬಹಳ ಬೇಕಾದ ಮಾತು ಎತ್ತಿದ್ದೀರಿ. ನಾನು ನಿವೃತ್ತ ಶಾಲಾ ಮಾಸ್ತರ, ಎರೆ ನೆಲದ ಊರಿನವನು. ನೀವು ಗಿರಣಿಯನ್ನು ಮೊದಲು ಹೇಳಿದಿರಿ. ನಮ್ಮ ಕಡೆ ನೀರನ್ನೇ ಮೊದಲು ಹೇಳಬೇಕು. ನವಲಗುಂದ, ರೋಣದ ಕಡೆ ಬಾವಿ ತೋಡಿದರೆ ಎಷ್ಟೋ ಕಡೆ ಸವಳು ನೀರು. ಕುಡಿಯಲಿಕ್ಕೆ ಕೆರೆಯ ನೀರೇ ಗತಿ. ಆ ಕೆರೆಯಲ್ಲಿ ದನ ಇಳಿಸುವಂತಿರಲಿಲ್ಲ, ಬಟ್ಟೆ ಒಗೆಯುವಂತಿರಲಿಲ್ಲ. ಊರೇ ಕಾವಲು ಕಾಯುತ್ತಿತ್ತು. ಬೇಸಿಗೆಯಲ್ಲಿ ಕೊಡ ಹೊತ್ತು ಹೋದ ಹೆಣ್ಣುಮಗಳು ತಿರುಗಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೆ ಏರುತ್ತಿತ್ತು. ಸಾಲಿ ಬಿಟ್ಟ ಹುಡುಗಿಯರನ್ನು ಯಾಕೆ ಬಿಟ್ಟೆವ್ವ ಅಂತ ಕೇಳಿದರೆ ಬರುತ್ತಿದ್ದ ಉತ್ತರ ಎರಡೇ: ನೀರು, ಇಲ್ಲವೇ ತಮ್ಮನನ್ನು ಎತ್ತಿಕೊಳ್ಳುವುದು. ನಾನು ನೌಕರಿ ಮಾಡಿದ ಕೊನೆಯ ವರ್ಷಗಳಲ್ಲೂ ಇದು ಪೂರ್ತಿ ನಿಂತಿರಲಿಲ್ಲ.

ಇನ್ನು ಜೋಳ ಬೀಸುವುದು. ನಮ್ಮ ಅವ್ವಂದಿರ ಕಾಲಕ್ಕೆ ಬೀಸುಕಲ್ಲಿನ ಮುಂದೆ ಹಾಡು ಇತ್ತು. ಗಂಡನ ಮನೆಯ ಕಷ್ಟ, ತವರಿನ ನೆನಪು, ಅಣ್ಣನ ಮೇಲಿನ ಪ್ರೀತಿ, ಮಾತಿನಲ್ಲಿ ಹೇಳಲಾಗದ್ದೆಲ್ಲ ಅಲ್ಲಿ ಬರುತ್ತಿತ್ತು. ಹಲಸಂಗಿಯ ಗೆಳೆಯರು ಎಂಬ ಸಾಹಿತಿಗಳ ಗುಂಪು ಊರೂರಿನ ಹೆಣ್ಣುಮಕ್ಕಳ ಬಾಯಿಂದ ಕೇಳಿ ಆ ಹಾಡುಗಳನ್ನು ಬರೆದುಕೊಂಡದ್ದರಿಂದ ಒಂದಿಷ್ಟು ಉಳಿದವು. ಎಂಜಿನ್ ಗಿರಣಿ ಬಂದ ಮೇಲೆ ಹಾಡು ನಿಂತಿತು. ಹಾಡು ಹೋಯಿತಲ್ಲ ಎಂದು ನನಗೆ ಸಂಕಟ ಇದೆ. ಆದರೆ ಹಾಡು ಉಳಿಯಲಿ ಅಂತ ಕಲ್ಲು ಬೀಸಿರಿ ಎಂದು ಯಾವ ಹೆಣ್ಣುಮಗಳಿಗೂ ನಾನು ಹೇಳಲಾರೆ.

ಈಗ ರೊಟ್ಟಿಯೂ ಮನೆಯಿಂದ ಹೊರಗೆ ಬಂದಿದೆ. ಹುಬ್ಬಳ್ಳಿ, ಗದಗ, ಕಲಬುರಗಿ ಎಲ್ಲಿ ನೋಡಿದರೂ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಗುಂಪು ಇದೆ. ಸೊಸೆಗೆ ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಎಂದು ಹೆಣ್ಣು ನೋಡಲು ಹೋದವರು ಕೇಳುತ್ತಿದ್ದರು. ಈಗ ಅದೇ ಕೆಲಸಕ್ಕೆ ಕೈಗೆ ರೊಕ್ಕ ಬರುತ್ತದೆ. ಇದನ್ನು ಸಣ್ಣ ಸಂಗತಿ ಅನ್ನಬೇಡಿ.

ತೀರ್ಥಹಳ್ಳಿ ಕಡೆಯವಳು

ಮಲೆನಾಡಿನಲ್ಲಿ ನೀರಿಗೆ ಬರ ಇರಲಿಲ್ಲ. ನಮ್ಮ ತೊಂದರೆ ಬೆಂಕಿ. ಮಳೆಗಾಲಕ್ಕೆ ಸೌದೆ ಕೂಡಿಡುವುದೇ ಬೇಸಿಗೆಯ ದೊಡ್ಡ ಕೆಲಸ. ಜೂನ್‌ನಿಂದ ಮೂರು ತಿಂಗಳು ಹಸಿ ಸೌದೆ ಊದಿ ಊದಿ ನನ್ನ ಅಜ್ಜಿಯ ಕಣ್ಣು ಯಾವಾಗಲೂ ಕೆಂಪಾಗಿರುತ್ತಿತ್ತು. ಅಡುಗೆಮನೆಯ ಗೋಡೆ, ಜಂತಿ, ಅಟ್ಟ ಎಲ್ಲ ಕಪ್ಪು. ಅದರ ಮೇಲೆ ಬಚ್ಚಲೊಲೆ ಬೇರೆ. ಹಂಡೆಯ ನೀರು ಬಿಸಿ ಆರಬಾರದು.

ನಮ್ಮ ಮನೆಗೆ ಮೊದಲ ಬಿಡುಗಡೆ ತಂದದ್ದು ಗ್ಯಾಸ್ ಅಲ್ಲ, ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಅಲ್ಲಿನವರು ರೂಪಿಸಿದ ಒಲೆ ಎಂಬತ್ತರ ದಶಕದಲ್ಲಿ ಹಳ್ಳಿಗಳಿಗೆ ಬಂತು. ಒಂದೇ ಬೆಂಕಿಯಲ್ಲಿ ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಸೌದೆ ಕಡಿಮೆ ಸಾಕು. ದನ ಇದ್ದವರ ಮನೆಗೆ ಗೋಬರ್ ಗ್ಯಾಸ್ ಬಂತು. ಸಿಲಿಂಡರ್ ಬಂದದ್ದು ಇದೆಲ್ಲ ಆದ ಮೇಲೆ. ಉಜ್ವಲ ಯೋಜನೆ 2016ರಲ್ಲಿ ಶುರುವಾಯಿತು, ಬಡವರ ಮನೆಗೂ ಸಿಲಿಂಡರ್ ಬಂತು. ಆದರೆ ಎರಡನೇ ಸಿಲಿಂಡರಿಗೆ ದುಡ್ಡು ಹೊಂದಿಸುವುದು ಎಷ್ಟೋ ಮನೆಗಳಲ್ಲಿ ಕಷ್ಟ. ಹಾಗಾಗಿ ಟೀ, ಒಗ್ಗರಣೆ ಗ್ಯಾಸಿನಲ್ಲಿ, ಅನ್ನ ಮತ್ತು ಸ್ನಾನದ ನೀರು ಸೌದೆಯಲ್ಲಿ. ಬದಲಾವಣೆ ಪೂರ್ತಿ ಆಗಿಹೋಗಿದೆ ಅಂತ ದಯವಿಟ್ಟು ತಿಳಿಯಬೇಡಿ.

ವೈಟ್‌ಫೀಲ್ಡ್ ಬಾಡಿಗೆದಾರ

ಎಲ್ಲರ ಅನುಭವಕ್ಕೂ ಗೌರವ ಇದೆ. ಆದರೂ ಒಂದು ಮಾತು. ನಮ್ಮ ಮನೆಯಲ್ಲಿ ವಾಷಿಂಗ್ ಮಷಿನ್ ಇದೆ, ಮಿಕ್ಸಿ ಇದೆ, ಕುಕ್ಕರ್ ಇದೆ, ಬೇಕಾದರೆ ಹತ್ತು ನಿಮಿಷದಲ್ಲಿ ತರಕಾರಿ ಬಾಗಿಲಿಗೆ ಬರುತ್ತದೆ. ಆದರೆ ಮಗುವಿಗೆ ಜ್ವರ ಬಂದರೆ ನೋಡಿಕೊಳ್ಳಲು ಮನೆಯಲ್ಲಿ ಒಬ್ಬರೂ ಇಲ್ಲ. ಹೆಂಡತಿಗೂ ಕೆಲಸ, ನನಗೂ ಕೆಲಸ. ಡೇಕೇರ್‌ನವರು ಜ್ವರ ಇದ್ದರೆ ಕರೆತರಬೇಡಿ ಅನ್ನುತ್ತಾರೆ. ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಇಲ್ಲಿಗೆ ಬಂದರೆ ಏಳನೇ ಮಹಡಿಯಲ್ಲಿ ಅವರಿಗೆ ಉಸಿರು ಕಟ್ಟುತ್ತದೆ. ನನ್ನ ಅಪ್ಪನನ್ನು ಸಾಕಿದ್ದು ಅವರ ದೊಡ್ಡಮ್ಮ, ಅತ್ತೆ, ಅಜ್ಜಿ ಎಲ್ಲರೂ ಸೇರಿ. ಆ ಮನೆಯಲ್ಲಿ ಕೆಲಸ ಜಾಸ್ತಿ ಇತ್ತು, ಒಪ್ಪುತ್ತೇನೆ. ಆದರೆ ಕೈಗಳೂ ಜಾಸ್ತಿ ಇದ್ದವು ಅಲ್ವಾ? ನಾವು ಯಂತ್ರ ಪಡೆದು ಜನರನ್ನು ಕಳೆದುಕೊಂಡೆವು ಅಂತ ನನಗೆ ಅನಿಸುತ್ತದೆ.

ಪಾವಗಡದ ಆಶಾ

ಬಾಡಿಗೆದಾರ ಸರ್, ನಿಮ್ಮ ಕಷ್ಟ ಅರ್ಥವಾಗುತ್ತದೆ. ನಾನು ಆಶಾ ಕಾರ್ಯಕರ್ತೆ, ಹಾಗಾಗಿ ನನಗೆ ಮೊದಲು ಕಾಣುವುದು ಹೆರಿಗೆ. ಕೈ ಜಾಸ್ತಿ ಇದ್ದವು ಅಂದಿರಿ. ಆ ಕೈಗಳಲ್ಲಿ ಎಷ್ಟು ಕೈ ಅರ್ಧದಲ್ಲೇ ಹೋದವು ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ನೂರು ವರ್ಷದ ಹಿಂದೆ, 1921ರಿಂದ 1931ರ ನಡುವೆ, ನಮ್ಮ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯಸ್ಸು ಸುಮಾರು 27 ವರ್ಷ. ಇದರರ್ಥ ಎಲ್ಲರೂ 27ಕ್ಕೇ ಸಾಯುತ್ತಿದ್ದರು ಅಂತಲ್ಲ. ಅಷ್ಟು ಮಕ್ಕಳು ಎಳೆ ವಯಸ್ಸಿನಲ್ಲೇ ತೀರಿಕೊಳ್ಳುತ್ತಿದ್ದರು. ಬಾಣಂತನದಲ್ಲಿ ತಾಯಿ ಹೋಗುತ್ತಿದ್ದಳು. ಅಪ್ಪ ಇನ್ನೊಂದು ಮದುವೆ ಆಗುತ್ತಿದ್ದ, ಮೊದಲ ಮಕ್ಕಳನ್ನು ದೊಡ್ಡಮ್ಮ ಸಾಕುತ್ತಿದ್ದಳು. ಕೂಡುಕುಟುಂಬದಲ್ಲಿ ಬೆಳೆದ ಎಷ್ಟೋ ಮಕ್ಕಳು ಹೀಗೆ ತಬ್ಬಲಿಯಾದವರು.

ನಮ್ಮ ತಾಲೂಕಿನವರೇ ಸೂಲಗಿತ್ತಿ ನರಸಮ್ಮ. ಆಸ್ಪತ್ರೆ ಇಲ್ಲದ ಕಾಲದಲ್ಲಿ ಕಾಸು ಕೇಳದೆ ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥ ಸೂಲಗಿತ್ತಿ ಇದ್ದ ಊರು ಪುಣ್ಯ ಮಾಡಿತ್ತು. ಇಲ್ಲದ ಊರಲ್ಲಿ ಮಗು ಅಡ್ಡ ಸಿಕ್ಕಿದರೆ ಗಾಡಿ ಕಟ್ಟಿ ಹೊರಡುವುದರೊಳಗೆ ಎಲ್ಲ ಮುಗಿಯುತ್ತಿತ್ತು.

ಇವತ್ತು ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತವೆ. ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಇದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಇನ್ನೊಂದು ಸಂಗತಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿತ್ತು. ಆಗ ಸರ್ಕಾರವೇ ಇಂಥ ಕೆಲಸಕ್ಕೆ ಕೈ ಹಾಕುವುದು ಬೇರೆ ಕಡೆ ಕೇಳದ ಮಾತು. ಮಕ್ಕಳು ಎಷ್ಟು ಬೇಕು, ಯಾವಾಗ ಬೇಕು ಅನ್ನುವ ಮಾತು ಗಂಡ ಹೆಂಡತಿಯ ನಡುವೆ ಬಂದದ್ದೇ ಈ ನೂರು ವರ್ಷದಲ್ಲಿ. ನನ್ನ ದೃಷ್ಟಿಯಲ್ಲಿ ನಲ್ಲಿಗಿಂತ, ಗ್ಯಾಸಿಗಿಂತ ದೊಡ್ಡ ಬದಲಾವಣೆ ಇದು.

ಆದರೂ ಆಪರೇಷನ್ ಮಾಡಿಸಿಕೊಳ್ಳುವವರು ಯಾರು ನೋಡಿ. ಗಂಡಸರದ್ದು ಸುಲಭದ ಆಪರೇಷನ್ ಅಂತ ಮನೆಮನೆಗೆ ಹೋಗಿ ಹೇಳುತ್ತೇನೆ. ಬರುವವರೆಲ್ಲ ಹೆಂಗಸರೇ. ಇದು ಮಾತ್ರ ಬದಲಾಗಲೇ ಇಲ್ಲ.

ಉಡುಪಿಯ ಮೂಲದವ

ನಮ್ಮ ತುಳುನಾಡಿನ ಕಥೆ ಸ್ವಲ್ಪ ಬೇರೆ. ಬಂಟರು, ಬಿಲ್ಲವರು ಮತ್ತು ಇನ್ನೂ ಕೆಲವು ಸಮುದಾಯಗಳಲ್ಲಿ ಅಳಿಯಸಂತಾನ ಇತ್ತು. ಕುಟುಂಬ ಅಂದರೆ ತಾಯಿಯ ಕಡೆಯವರು. ಯಜಮಾನ ಅಂದರೆ ಅಪ್ಪ ಅಲ್ಲ, ಸೋದರಮಾವ. ಆಸ್ತಿ ಹೆಣ್ಣಿನ ಸಂತಾನದಲ್ಲಿ ಇಳಿಯುತ್ತಿತ್ತು. ಹೆಣ್ಣು ಹುಟ್ಟಿದರೆ ಮನೆಗೆ ದೀಪ ಬಂತು ಅನ್ನುತ್ತಿದ್ದರು.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ ಕುಟುಂಬದ ಕವಲುಗಳಿಗೆ ಪಾಲು ಕೇಳುವ ಹಕ್ಕು ಸಿಕ್ಕಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. 1974ರ ಭೂಸುಧಾರಣೆಯಲ್ಲಿ ಗೇಣಿ ಹೋಯಿತು. ದೇವರಾಜ ಅರಸರ ಕಾಲದ ಆ ಕಾಯ್ದೆಯಿಂದ ಉಳುವವನಿಗೆ ಭೂಮಿ ಬಂತು, ಅದು ನ್ಯಾಯ. ಆದರೆ ಗುತ್ತಿನ ಮನೆಗಳು, ಅಂದರೆ ಊರಿನ ದೊಡ್ಡ ಭೂಮಾಲೀಕರ ಮನೆಗಳು, ನಿಂತಿದ್ದೇ ಗೇಣಿ ಅಕ್ಕಿಯ ಮೇಲೆ. ಅದು ನಿಂತ ಮೇಲೆ ಅಷ್ಟು ಜನ ಒಂದೇ ಮನೆಯಲ್ಲಿ ಇರಲು ಕಾರಣ ಉಳಿಯಲಿಲ್ಲ. ಮುಂಬಯಿ ಹೋಟೆಲಿಗೆ ಹೋದ ಗಂಡಸರು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಅಪ್ಪ ತನ್ನ ಮಕ್ಕಳನ್ನು ತಾನೇ ಸಾಕುವ ಮನೆ ನಮ್ಮಲ್ಲಿ ಗಟ್ಟಿಯಾದದ್ದು ಹೀಗೆ. ಬೇರೆಯವರು ಹಳೇ ಕಾಲದ್ದು ಅಂದುಕೊಳ್ಳುವ ಅಪ್ಪನ ಯಜಮಾನಿಕೆ ನಮ್ಮ ಕಡೆ ಹೊಸತು.

ಊರಲ್ಲೇ ಉಳಿದ ಹೆಂಗಸರ ಕೈಗೆ ಬಂದದ್ದು ಬೀಡಿ. ಮನೆಯ ಜಗಲಿಯಲ್ಲಿ ಮೊರದಂಥ ಸೂಪು ತೊಡೆಯ ಮೇಲಿಟ್ಟು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ದಕ್ಷಿಣ ಕನ್ನಡ, ಉಡುಪಿಯಲ್ಲಿ ಲೆಕ್ಕ ಇಲ್ಲದಷ್ಟು. ನನ್ನ ಕಾಲೇಜಿನ ಫೀಸು ಬೀಡಿಯ ದುಡ್ಡಿನದ್ದು. ಅಮ್ಮನ ಕೆಮ್ಮು ಕೂಡ ಅದರದ್ದೇ.

ಅರಸೀಕೆರೆಯವಳು

ಇಷ್ಟು ಬರೆದಿರಿ, ತುಂಬಾ ಖುಷಿಯಾಯಿತು. ಪಾವಗಡದ ಅಕ್ಕ ಹೇಳಿದ್ದು ನನ್ನ ಮೊದಲ ಮಾತಿಗಿಂತ ಹೆಚ್ಚು ತೂಕದ್ದು.

ಬಾಡಿಗೆದಾರರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ರೆಷರ್ ಕುಕ್ಕರ್ ನಮ್ಮ ದೇಶದಲ್ಲಿ ತಯಾರಾಗತೊಡಗಿದ್ದು 1959ರ ಹೊತ್ತಿಗೆ, ಮಿಕ್ಸಿ ಅರವತ್ತರ ದಶಕದಲ್ಲಿ. ಮೂರು ಗಂಟೆಯ ಅಡುಗೆ ಒಂದು ಗಂಟೆಗೆ ಇಳಿಯಿತು. ಉಳಿದ ಹೊತ್ತು ಹೋದದ್ದು ಎಲ್ಲಿಗೆ? ಮಕ್ಕಳ ಹೋಂವರ್ಕು, ಟಿಫಿನ್ ಬಾಕ್ಸಿಗೆ ದಿನಕ್ಕೊಂದು ತಿಂಡಿ, ರೇಷನ್ ಕ್ಯೂ, ಬ್ಯಾಂಕು, ಅತ್ತೆಯ ಬಿಪಿ ಮಾತ್ರೆ. ಅದರ ಜತೆಗೆ ಸಂಬಳದ ಕೆಲಸ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸದಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕಳೆಯುತ್ತಾರೆ. ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುತ್ತೇವೆ ಅಂದ ಗಂಡಸರ ಲೆಕ್ಕ. ಒಂದು ಕಡ್ಡಿ ಎತ್ತಿಡದವರು ಅದರಲ್ಲಿ ಸೇರಿಲ್ಲ. ರಾಗಿಕಲ್ಲು ಹೋಯಿತು, ಆದರೆ ಅದರ ಮುಂದೆ ಕೂರುವವರು ಯಾರು ಅನ್ನುವ ಪಾಳಿ ಹಾಗೇ ಉಳಿಯಿತು.

ಕೂಡುಕುಟುಂಬ ಮಗುವನ್ನು ನೋಡಿಕೊಂಡಿತು ಅನ್ನುತ್ತೀರಿ. ನೋಡಿಕೊಂಡದ್ದು ಸಂಬಳವಿಲ್ಲದ, ಬೇರೆ ದಾರಿಯೂ ಇಲ್ಲದ ಹೆಂಗಸರು. ವಿಧವೆಯಾಗಿ ತವರಿಗೆ ಬಂದ ಅತ್ತೆ ಇಡೀ ಮನೆಯ ಮಕ್ಕಳನ್ನು ಸಾಕಿದಳು. ಅವಳನ್ನು ಏನು ಬೇಕು ಅಂತ ಯಾರಾದರೂ ಕೇಳಿದ್ದರಾ? ನಿಮ್ಮ ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ರಜೆ ಹಾಕುವವರು ಯಾರು ಅಂತಲೂ ಕೇಳಬೇಕೆನಿಸುತ್ತದೆ. ಬೇಜಾರಾಗಬೇಡಿ.

ವೈಟ್‌ಫೀಲ್ಡ್ ಬಾಡಿಗೆದಾರ

ಬೇಜಾರಿಲ್ಲ ಅಕ್ಕ. ಸರದಿ ಮೇಲೆ ಹಾಕುತ್ತೇವೆ. ಆದರೆ ನಾನು ರಜೆ ಕೇಳಿದರೆ ಆಫೀಸಿನಲ್ಲಿ ಮೊದಲು ಬರುವ ಪ್ರಶ್ನೆ, ಮನೆಯಲ್ಲಿ ಮಿಸೆಸ್ ಇಲ್ವಾ ಅಂತ. ಇದು ಮನೆಯೊಳಗೆ ಮಾತ್ರ ಬಗೆಹರಿಯುವ ವಿಷಯ ಅಲ್ಲ. ಸರ್ಕಾರಿ ಅಂಗನವಾಡಿ ಸಂಜೆ ಆರರವರೆಗೆ ನಡೆದರೆ, ಎಲ್ಲ ಕಂಪನಿಗಳಲ್ಲೂ ಅಪ್ಪಂದಿರಿಗೂ ರಜೆ ಸಿಕ್ಕರೆ ಎಷ್ಟೋ ಮನೆಗಳ ಹೊರೆ ಇಳಿಯುತ್ತದೆ. ಅತ್ತೆಯ ಬಗ್ಗೆ ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಅಪ್ಪನನ್ನು ಸಾಕಿದ ಆ ಅತ್ತೆಯೂ ವಿಧವೆಯೇ. ಅವರ ಫೋಟೋ ಕೂಡ ನಮ್ಮ ಮನೆಯಲ್ಲಿ ಇಲ್ಲ.

ದುಬೈನಲ್ಲಿರುವ ಕೊಪ್ಪಳದವ

ಸಣ್ಣ ಸೇರ್ಪಡೆ. ನಮ್ಮ ಓಣಿಯಲ್ಲಿ ಟೆಲಿಗ್ರಾಂ ಬಂತು ಅಂದರೆ ಓದುವ ಮೊದಲೇ ಅಳು ಶುರುವಾಗುತ್ತಿತ್ತು. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೇ ನಿಂತಿತು. ಈಗ ದಿನಾ ರಾತ್ರಿ ಅವ್ವನ ಜತೆ ವಿಡಿಯೋ ಕಾಲ್. ಊಟ ಏನು ಮಾಡಿದಿ ಅಂತ ತಾಟು ತೋರಿಸಿಯೇ ಮಾತು ಶುರು. ದೂರ ಇದ್ದರೂ ಅವ್ವನ ಗುಳಿಗೆ ಮುಗಿದದ್ದು ನನಗೆ ಮೊದಲು ಗೊತ್ತಾಗುತ್ತದೆ, ಎರಡು ಓಣಿ ಆಚೆ ಇರುವ ಅಣ್ಣನಿಗೆ ಆಮೇಲೆ.

ಗದಗಿನ ಮಾಸ್ತರ

ತವರಿನ ಮಾತು ಹೇಳುವುದು ಬಿಟ್ಟುಹೋಗಿತ್ತು. ನಮ್ಮ ಕಡೆ ಪಂಚಮಿ ಹಬ್ಬಕ್ಕೆ ಅಣ್ಣ ಬಂದು ಕರೆಯಬೇಕು. ಅಣ್ಣ ಬರದಿದ್ದರೆ, ಅತ್ತೆ ಕಳಿಸದಿದ್ದರೆ, ಹೊಳೆ ತುಂಬಿದ್ದರೆ ಆ ವರ್ಷ ತವರು ಇಲ್ಲ. ಹಾಡುಗಳಲ್ಲಿ ಅರ್ಧ ಇದೇ ದುಃಖ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಬೇಡ ಅಂತಾಯಿತು. ಟೀಕೆ ಮಾಡುವವರು ಬಹಳ ಇದ್ದಾರೆ. ನಮ್ಮ ಮನೆಯವರ ತಂಗಿ ಅರವತ್ತು ದಾಟಿದವಳು, ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ಯಾರನ್ನೂ ಕೇಳದೆ ತವರಿಗೆ ಹೋಗಿಬಂದಳು. ಗಂಡನ ಹತ್ತಿರ ರೊಕ್ಕ ಕೇಳಬೇಕಾಗಲಿಲ್ಲ ಅನ್ನುವುದನ್ನೇ ಅವಳು ಮತ್ತೆ ಮತ್ತೆ ಹೇಳಿದಳು.

ಹೆಸರು ಬೇಡ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ತವರಿನ ಮಾತು ಬಂದದ್ದಕ್ಕೆ ಕೇಳುತ್ತಿದ್ದೇನೆ. ಮಂಡ್ಯ ಜಿಲ್ಲೆಯವಳು, ಮದುವೆಯಾಗಿ ಮೈಸೂರಿನಲ್ಲಿದ್ದೇನೆ. ಅಪ್ಪ ಹೋದ ವರ್ಷ ತೀರಿಕೊಂಡರು. ಮುತ್ತಾತನ ಕಾಲದಿಂದ ಬಂದ ಗದ್ದೆ ಇದೆ. ಅಣ್ಣ ಒಂದು ಕಾಗದಕ್ಕೆ ಸಹಿ ಹಾಕು ಅನ್ನುತ್ತಿದ್ದಾನೆ, ಅರಿಶಿನ ಕುಂಕುಮಕ್ಕೆ ಒಂದಿಷ್ಟು ಕೊಡುತ್ತೇನೆ ಅಂತ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಅಂತ ಅತ್ತಿಗೆಯಿಂದ ಹೇಳಿಸಿದ್ದಾನೆ. ಅಜ್ಜಿಯ ಕಾಲದಲ್ಲಿ ಇದೆಲ್ಲ ಹೇಗಿತ್ತು, ಈಗ ನನಗೆ ಏನು ಹಕ್ಕಿದೆ?

ವಕೀಲರ ಕಚೇರಿಯವನು

ತಂಗಿ, ಆತುರದಲ್ಲಿ ಸಹಿ ಹಾಕಬೇಡಿ. ಅದು ಹಕ್ಕು ಬಿಡುಗಡೆ ಪತ್ರ, ಅಂದರೆ ನಿಮ್ಮ ಪಾಲನ್ನು ಬಿಟ್ಟುಕೊಟ್ಟೆ ಅನ್ನುವ ಕಾಗದ ಇರಬೇಕು. ನೋಂದಣಿ ಆದ ಮೇಲೆ ರದ್ದು ಮಾಡಿಸುವುದು ಬಹಳ ಕಷ್ಟ.

ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಒಂದು ಕಾಯ್ದೆ ಬಂದಿತ್ತು. ಕಾಗದದಲ್ಲಿ ನಾವು ಮುಂದೆ ಇದ್ದೆವು. 1956ರ ಕಾಯ್ದೆಯಲ್ಲಿ ಮಗಳಿಗೆ ಅಪ್ಪನ ಪಾಲಿನಲ್ಲಿ ಪಾಲು ಬಂತು, ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಗಂಡು ಮಕ್ಕಳಿಗೆ ಮಾತ್ರ ಇತ್ತು. ಕರ್ನಾಟಕ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು, ಆದರೆ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿಯಲ್ಲಿ ಆ ತಡೆಯೂ ಹೋಯಿತು. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಪಿತ್ರಾರ್ಜಿತ ಗದ್ದೆಯಲ್ಲಿ ನಿಮಗೂ ನಿಮ್ಮ ಅಣ್ಣನಿಗೂ ಹಕ್ಕು ಸಮ.

ಪಹಣಿ ಆನ್‌ಲೈನಿನಲ್ಲೇ ಸಿಗುತ್ತದೆ. ಜತೆಗೆ ಇಸಿ (ಋಣಭಾರ ಪ್ರಮಾಣಪತ್ರ) ಮತ್ತು ವಂಶವೃಕ್ಷ ತೆಗೆಸಿ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಕಾನೂನು ನೆರವು ಉಚಿತ.

ಪಾವಗಡದ ಆಶಾ

ಹೆದರಬೇಡ ತಂಗಿ. ಪಾಲು ಕೇಳಿದರೆ ಮುಚ್ಚುವ ಬಾಗಿಲು ಮೊದಲಿಂದಲೂ ಪೂರ್ತಿ ತೆರೆದಿರಲಿಲ್ಲ. ಮಾತುಕತೆಗೆ ಹೋಗುವಾಗ ಒಬ್ಬಳೇ ಹೋಗಬೇಡ, ನಿಮ್ಮ ಅಮ್ಮನನ್ನು ಜತೆಗೆ ಕೂರಿಸಿಕೋ. ಅವರಿಗೂ ಆ ಆಸ್ತಿಯಲ್ಲಿ ಪಾಲಿದೆ.

ಹೆಸರು ಬೇಡ

ಎಲ್ಲರಿಗೂ ಧನ್ಯವಾದ. ಪಹಣಿ ತೆಗೆದು ನೋಡಿದೆ. ಇನ್ನೂ ತಾತನ ಹೆಸರಿನಲ್ಲೇ ಇದೆ, ಅಪ್ಪ ಖಾತೆ ಬದಲಾಯಿಸಿರಲಿಲ್ಲ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಕೇಳಿಸಿಕೊಂಡು ಅವರು ತಮ್ಮ ತವರಿನ ಬಗ್ಗೆ ಕೇಳುತ್ತಿದ್ದಾರೆ. ಅವರ ಮದುವೆ 1988ರಲ್ಲಿ ಆಗಿದ್ದು. ಅವರಿಗೂ ಇದು ಅನ್ವಯಿಸುತ್ತದಾ?

ವಕೀಲರ ಕಚೇರಿಯವನು

ಅನ್ವಯಿಸಬಹುದು. 2004ರ ಡಿಸೆಂಬರ್ 20ಕ್ಕೆ ಮೊದಲೇ ಅವರ ತವರಿನಲ್ಲಿ ನೋಂದಣಿಯಾದ ವಿಭಾಗ ಪತ್ರ ಅಥವಾ ಕೋರ್ಟಿನ ಡಿಕ್ರಿ ಆಗಿದ್ದರೆ ಅದನ್ನು ಮುಟ್ಟಲಾಗುವುದಿಲ್ಲ. ಆಗಿಲ್ಲದಿದ್ದರೆ ಕೇಳಬಹುದು. ಅಮ್ಮ ಆಗ ಯಾವುದಾದರೂ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದು ನೆನಪಿದೆಯಾ ಕೇಳಿ. ನೋಂದಣಿಯಾಗಿದ್ದರೆ ಅದರ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಮೊದಲು ಅದನ್ನು ತೆಗೆಸಿ, ಆಮೇಲೆ ಮುಂದಿನ ಮಾತು.